ಭೀಮೆಯ ಮೇಲ್ನೀರಿನ ಹಕ್ಕಿಗಳು

ಪುಣೆಯ ಪಾಷಾಣ ಕೆರೆಯ ಏರಿ ಮೇಲೆ ನಿಂತರೆ ಒಂದು ಕಿವಿಗೆ ಗುಳುಮುಳುಕಗಳ ಕಿಲಕಿಲ, ಇನ್ನೊಂದು ಕಿವಿಗೆ ಮುಂಬೈ–ಬೆಂಗಳೂರು ಹೆದ್ದಾರಿಯ ಲಾರಿಗಳ ಮೊರೆತ. ಸೂಸ್ ರಸ್ತೆಗೂ ಬಾವಧನಕ್ಕೂ ನಡುವೆ, ಗುಡ್ಡದ ಬುಡದಲ್ಲಿ ಹಬ್ಬಿರುವ ಈ ಕೆರೆಯ ಆಸುಪಾಸು ಈಗ ಎತ್ತ ನೋಡಿದರೂ ಎತ್ತರದ ಕಟ್ಟಡಗಳು. ಅಂಥದೊಂದು ಕಟ್ಟಡದಲ್ಲಿ ನನ್ನ ತಂಗಿಯ ಮನೆ. ಕಲಬುರಗಿ, ವಿಜಯಪುರ, ಬೀದರ ಜಿಲ್ಲೆಗಳಿಂದ ಪುಣೆಗೆ ಹೋಗಿ ನೆಲೆಸಿದವರು ಕಡಿಮೆಯಿಲ್ಲ. ಕಟ್ಟಡ ಕೆಲಸದ ಗೌಂಡಿಯಿಂದ ಹಿಡಿದು ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್‌ವರೆಗೆ ನಮ್ಮ ಕಡೆಯ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೋಲಾಪುರ, ದೌಂಡ ದಾಟಿ ಸೀದಾ ಪುಣೆ. ಚಳಿಗಾಲದಲ್ಲಿ ನಾನು ಆ ಊರಿಗೆ ಹೋಗಲು ತಂಗಿಯ ಮನೆ ಒಂದು ನೆಪ, ಕೆರೆಯ ಹಕ್ಕಿಗಳು ಇನ್ನೊಂದು.

ಡಿಸೆಂಬರಿನ ಬೆಳಗು ಅಲ್ಲಿ ಚುರುಕು ಚಳಿಯದು. ಸೋದರಳಿಯ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು, "ಮಾಮಾ, ಲಗೂನ ನಡೀರಿ, ಬಿಸಲು ಏರಿದ ಮ್ಯಾಲ ಏನೂ ಕಾಣಂಗಿಲ್ಲ" ಎಂದು ಅವಸರ ಮಾಡುತ್ತಾನೆ. ಅವನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಹಕ್ಕಿಗಳ ಹೆಸರು ಅವನಿಗೆ ಇಂಗ್ಲಿಷಿನಲ್ಲಿ ಬರುತ್ತವೆ, ಮರಾಠಿಯಲ್ಲಿ ಬರುತ್ತವೆ. ನಮ್ಮ ಹೆಸರುಗಳನ್ನು ಈಗೀಗ ನನ್ನಿಂದ ಕೇಳಿ ಬರೆದುಕೊಳ್ಳುತ್ತಿದ್ದಾನೆ.

ಪಾಷಾಣ ತನ್ನಷ್ಟಕ್ಕೆ ಹುಟ್ಟಿದ ಕೆರೆಯಲ್ಲ. ಭೂಗಾವ್ ಆಚೆಯ ಗುಡ್ಡಗಳಲ್ಲಿ ಹುಟ್ಟಿ ಬರುವ ರಾಮನದಿ ಎಂಬ ಸಣ್ಣ ಹೊಳೆಗೆ ಬ್ರಿಟಿಷರ ಕಾಲದಲ್ಲಿ ಒಡ್ಡು ಹಾಕಿದಾಗ ನಿಂತ ನೀರು ಇದು. ಗಣೇಶಖಿಂಡಿಯಲ್ಲಿ ಗವರ್ನರನ ದೊಡ್ಡ ಬಂಗಲೆ ಎದ್ದಿತ್ತು. ಅದರ ತೋಟಕ್ಕೆ, ಅಡುಗೆಮನೆಗೆ, ಆಳುಕಾಳುಗಳಿಗೆ ನೀರು ಬೇಕಿತ್ತು. ಆ ಬಂಗಲೆಯೇ ಇವತ್ತಿನ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ರಾಮನದಿ ಉದ್ದದಲ್ಲಿ ದೊಡ್ಡದೇನಲ್ಲ, ಸುಮಾರು 19 ಕಿಲೋಮೀಟರ್. ಬಾವಧನ, ಪಾಷಾಣ, ಬಾಣೇರ ದಾಟಿ ಔಂಧಿನ ಹತ್ತಿರ ಮುಳಾ ನದಿಯನ್ನು ಸೇರುತ್ತದೆ. ಗವರ್ನರನ ಮನೆಗೆ ಕುಡಿಯಲು ಹೋಗುತ್ತಿದ್ದ ಈ ಹೊಳೆಯ ನೀರಿಗೆ ಇಂದು ಕಾಲಿಟ್ಟರೆ ಮನೆಗೆ ಬಂದು ಸಾಬೂನು ಹಚ್ಚಿ ತೊಳೆಯಬೇಕು. ಮೇಲಿನ ಹಳ್ಳಿಗಳು ಬಡಾವಣೆಗಳಾದವು, ಬಡಾವಣೆಗಳ ಚರಂಡಿ ಹೊಳೆಗೆ ತಿರುಗಿತು. ಹೊಳೆಯ ಜೊತೆ ಬಂದ ಹೂಳು ಕೆರೆಯ ಆಳವನ್ನು ನುಂಗಿತು.

ಆದರೂ ಹಕ್ಕಿಗಳಿವೆ. ಅವು ಇರುವ ಪರಿಯನ್ನೇ ಮೊದಲು ಹೇಳಬೇಕು, ಏಕೆಂದರೆ ಅಲ್ಲಿಗೆ ಹೋದವರು ಮೊದಲು ಕಾಣುವುದು ಹೊಲಸನ್ನಲ್ಲ, ಹಕ್ಕಿಯನ್ನೇ. ಅಂತರಗಂಗೆ ಕಳೆಯ ಹಸಿರು ಹಾಸಿನ ಅಂಚಿನಲ್ಲಿ ನೇರಳೆ ಜಂಬುಕೋಳಿಗಳು ಹಿಂಡುಹಿಂಡಾಗಿ ಮೇಯುತ್ತವೆ. ನಾಟಿಕೋಳಿಯಷ್ಟು ದಪ್ಪ ಮೈ, ನೀಲಿಗೂ ನೇರಳೆಗೂ ನಡುವೆ ಬಿಸಿಲು ಬಿದ್ದಂತೆ ಬದಲಾಗುವ ಬಣ್ಣ, ಕೆಂಪು ಕೊಕ್ಕು, ಹಣೆಯ ಮೇಲೆ ಅದೇ ಕೆಂಪಿನ ಫಲಕ. ಒಂದು ದಂಟನ್ನು ಕಿತ್ತು, ಉದ್ದ ಬೆರಳಿನ ಕಾಲಲ್ಲಿ ಹಿಡಿದೆತ್ತಿ, ಗಿಳಿ ತಿನ್ನುವ ಹಾಗೆ ಬಾಯಿಗೆ ತಂದುಕೊಂಡು ತಿನ್ನುತ್ತದೆ. ಪ್ರತಿ ಹೆಜ್ಜೆಗೂ ಬಾಲ ಕುಣಿಯುತ್ತದೆ, ಕುಣಿದಾಗಲೆಲ್ಲ ಅದರಡಿಯ ಬಿಳುಪು ಮಿಂಚುತ್ತದೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆಯಲ್ಲಿ ಇವನ್ನು ಕಂಡವನಿಗೆ ಪುಣೆಯಲ್ಲಿ ಕಂಡಾಗ ನೆಂಟರು ಸಿಕ್ಕಷ್ಟು ಸಂತೋಷ.

ಅದೇ ಹಾಸಿನ ಮೇಲೆ ದೇವನಕ್ಕಿ ನಡೆಯುತ್ತದೆ. ಕಂಚಿನ ರೆಕ್ಕೆ, ಹುಬ್ಬಿನ ಬಿಳಿ ಗೆರೆ, ಎಲೆಯ ಮೇಲೆ ಭಾರ ಹಂಚಿಕೊಳ್ಳುವ ಉದ್ದುದ್ದ ಬೆರಳುಗಳು. ಈ ಹಕ್ಕಿಯ ಸಂಸಾರದಲ್ಲಿ ಕಾವು ಕೂರುವುದು, ಮರಿಗಳನ್ನು ಜೋಪಾನ ಮಾಡುವುದು ಗಂಡಿನ ಕೆಲಸ; ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ಗೂಡಿಗೆ ಮೊಟ್ಟೆ ಕೊಡುತ್ತದೆ. ಬಯಲು ನೀರಿನಲ್ಲಿ ನಾಮಕೋಳಿಗಳು, ವರಟೆ ಬಾತುಗಳು. ಅವುಗಳ ನಡುವೆ ಉತ್ತರದ ಶೀತ ದೇಶಗಳಿಂದ ಬಂದ ಚಲುಕದ ಬಾತುಗಳು ಅಗಲ ಕೊಕ್ಕನ್ನು ನೀರಿಗೆ ಒತ್ತಿ, ಗುಂಪಾಗಿ ಸುತ್ತು ಹೊಡೆಯುತ್ತ, ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತವೆ. ಜೌಗಿನ ಸೆಳೆವ ಜೊಂಡಿನ ಮೇಲೆ ತಗ್ಗಿ ಹಾರಿದರೆ ಸಾಕು, ಕೆರೆಗೆ ಕೆರೆಯೇ ಎದ್ದು ಗಾಳಿಯಲ್ಲಿ ಒಂದು ಸುತ್ತು ಬಂದು ಮತ್ತೆ ಇಳಿಯುತ್ತದೆ. ಆ ಹೊತ್ತಿಗೆ ಏರಿಯ ಮೇಲೆ ನಡೆಯುವವರು ಕೂಡ ಮಾತು ನಿಲ್ಲಿಸಿ ನೋಡುತ್ತಾರೆ. ಇಂಥ ನೋಟವೊಂದು ಬೆಳಗಿನ ಕೆಲಸಕ್ಕೆ ಮುನ್ನ, ನಡೆದು ಹೋಗುವ ದೂರದಲ್ಲಿ ಸಿಗುವ ಊರು ಪುಣ್ಯವಂತ ಊರು ಎಂದು ನನಗೆ ನಿಜವಾಗಿ ಅನ್ನಿಸಿದೆ.

ದಡಕ್ಕೆ ಹತ್ತಿರ, ಕೆಸರಿನಲ್ಲಿ ಕತ್ತು ಒಳಗೆಳೆದುಕೊಂಡು ನಿಂತ ಕೊಳದ ಬಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ನಾಟಕದಲ್ಲಿ ಯಾವ ಹಳ್ಳದ ಬದಿಯಲ್ಲಿ ನಿಂತರೂ ಕಾಣುವ ಹಕ್ಕಿ. ಆದರೆ ಈ ಹಕ್ಕಿಗೆ ವಿಜ್ಞಾನದ ಹೆಸರು ಬಂದದ್ದೇ ಈ ಸೀಮೆಯಿಂದ. ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿಯನ್ನು 1824ರಲ್ಲಿ ಮುಂಬೈ ಸರ್ಕಾರ ದಖನ್ ಸೀಮೆಯ ಅಂಕಿಅಂಶಗಳನ್ನು ಕಲೆಹಾಕಲು ನೇಮಿಸಿತು. ಪುಣೆ, ಅಹಮದನಗರ, ಖಾನದೇಶಗಳ ಜೊತೆಗೆ ನಮ್ಮ ಧಾರವಾಡವೂ ಅವನ ಲೆಕ್ಕದೊಳಗೆ ಬರುತ್ತಿತ್ತು. ಜನ, ಜಮೀನು, ಬೆಳೆಗಳ ಲೆಕ್ಕ ಬರೆಯುತ್ತಲೇ ಅವನು ಹಕ್ಕಿಗಳನ್ನೂ ಮೀನುಗಳನ್ನೂ ಪಟ್ಟಿ ಮಾಡಿದ. 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಅವನ ಪಟ್ಟಿಯಲ್ಲಿ ವಿಜ್ಞಾನಕ್ಕೆ ಹೊಸದಾದ ಹಕ್ಕಿಗಳು ಹಲವಿದ್ದವು. ಕೊಳದ ಬಕ ಅವುಗಳಲ್ಲೊಂದು. ನಮ್ಮ ಜಾಲಿಗಿಡಗಳ ಕೆಳಗೆ ಗುಂಪಾಗಿ ಗದ್ದಲ ಹಾಕುವ ಬೂದು ಹರಟೆಮಲ್ಲ ಇನ್ನೊಂದು. ಮುಂಬೈ ಗವರ್ನರ್ ಆಗಿದ್ದ ಜಾನ್ ಮಾಲ್ಕಮನ ಹೆಸರನ್ನು ಆ ಹರಟೆಮಲ್ಲಕ್ಕೆ ಸೈಕ್ಸ್ ಇಟ್ಟ. ಮುಳಾ, ಮುಠಾ, ಭೀಮಾ ನದಿಗಳ ಮೀನುಗಳ ಬಗ್ಗೆಯೂ ಅವನು ವಿವರವಾಗಿ ಬರೆದ. ಇನ್ನೂರು ವರ್ಷದ ಹಿಂದೆ ಈ ನೀರಿನಲ್ಲಿ ಏನಿತ್ತು ಎಂದು ಕೇಳುವವರಿಗೆ ಅವನ ಪಟ್ಟಿಗಳು ಇಂದಿಗೂ ಮೊದಲ ಆಧಾರ. ಒಬ್ಬ ಮನುಷ್ಯ ತಾನು ಕಂಡದ್ದನ್ನು ಜತನವಾಗಿ ಬರೆದಿಟ್ಟರೆ ಅದಕ್ಕೆ ಎಷ್ಟು ಆಯುಷ್ಯವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆರೆಗೆ ಹೊಳೆ ಬಂದು ಸೇರುವ ಕಡೆ, ನೀರು ಪಾದ ಮುಳುಗುವಷ್ಟೇ ಇರುವ ಕಪ್ಪು ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ನೆರೆದಿದ್ದವು. ಕಪ್ಪು ರೆಕ್ಕೆ, ಬಿಳಿ ಮೈ, ಸೂಜಿಯಂಥ ಕೊಕ್ಕು, ಮೈಗೆ ಹೊಂದದಷ್ಟು ಉದ್ದವಾದ ಗುಲಾಬಿ ಕಾಲು. ಎಷ್ಟು ಚೆಂದದ ಹಕ್ಕಿ! ನೀರಿನಲ್ಲಿ ಅದರ ನೆರಳೂ ಚೆಂದ. ಅಳಿಯ ಒಂದರ ಮೇಲೊಂದು ಫೋಟೊ ತೆಗೆಯುತ್ತಿದ್ದ. ಪಕ್ಕದಲ್ಲಿ ಹಳೆಯ ಸ್ವೆಟರ್ ತೊಟ್ಟ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಡೈರಿಯಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಳ್ಳುತ್ತಿದ್ದರು. "ಕಾಕಾ, ಇವತ್ತು ಎಷ್ಟು?" ಎಂದು ಅಳಿಯ ಮರಾಠಿಯಲ್ಲಿ ಕೇಳಿದ. ಅವರು ಲೆಕ್ಕ ಹೇಳಲಿಲ್ಲ. ಪೆನ್ಸಿಲನ್ನು ಕೆಸರಿನ ಕಡೆ ತೋರಿಸಿ, "ಶೇಕಾಟ್ಯಾ ಇಷ್ಟೊಂದು ಬಂದಿವೆಯಲ್ಲ ಬಾಳಾ, ಇದು ಒಳ್ಳೆಯ ಸುದ್ದಿಯಲ್ಲ" ಎಂದರು. ಮೆಟ್ಟುಗಾಲು ಹಕ್ಕಿಗೆ ಮರಾಠಿಗರು ಶೇಕಾಟ್ಯಾ ಎನ್ನುತ್ತಾರೆ.

ಕಾಕಾ ಹೇಳಿದ್ದರ ಹಿಂದಿನ ಕಾರಣವನ್ನು ಇಲ್ಲಿ ಬಿಡಿಸಿ ಹೇಳಬೇಕು. ಚರಂಡಿ ನೀರಿನಲ್ಲಿ ಕೊಳೆಯುವ ಪದಾರ್ಥ ಹೆಚ್ಚಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಮೀನು ಸಾಯುತ್ತದೆ, ಸಿಗಡಿ ಸಾಯುತ್ತದೆ, ತಿಳಿನೀರಿನ ಹುಳಗಳು ಸಾಯುತ್ತವೆ. ಆದರೆ ಕಚ್ಚದ ಸೊಳ್ಳೆಯಂಥ ಒಂದು ಜಾತಿಯ ನೊಣದ ಮರಿಹುಳು ಮಾತ್ರ ಬದುಕುತ್ತದೆ. ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇರುವುದರಿಂದ ಇದ್ದಷ್ಟೇ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮೈ ಕೆಂಪಗಿರುವುದೂ ಅದಕ್ಕೇ. ತಿನ್ನುವ ಮೀನುಗಳಿಲ್ಲದ ಕೊಚ್ಚೆಯಲ್ಲಿ ಅದು ಲಕ್ಷಗಟ್ಟಲೆ ಹೆಚ್ಚುತ್ತದೆ. ಮೆಟ್ಟುಗಾಲು ಹಕ್ಕಿಗೆ ಅದೇ ಹಬ್ಬದೂಟ. ಚಲುಕದ ಬಾತಿಗೂ ಅಷ್ಟೆ, ಗೊಬ್ಬರ ಹೆಚ್ಚಾಗಿ ಪಾಚಿಗಟ್ಟಿದ ನೀರೇ ಹಿತ. ಜಂಬುಕೋಳಿ, ದೇವನಕ್ಕಿಗಳಿಗೆ ನೆಲೆ ಕೊಟ್ಟ ಅಂತರಗಂಗೆಯೂ ಚರಂಡಿಯ ಸಾರಜನಕ, ರಂಜಕ ಉಂಡೇ ಹಬ್ಬಿದ್ದು. ದಕ್ಷಿಣ ಅಮೆರಿಕದಿಂದ ಚೆಂದದ ಹೂವಿಗಾಗಿ ತಂದ ಈ ಗಿಡವನ್ನು ಇಲ್ಲಿ ಯಂತ್ರ ಇಳಿಸಿ ಕೀಳುತ್ತಾರೆ. ಕಿತ್ತಷ್ಟೂ ಮತ್ತೆ ಬರುತ್ತದೆ, ಅದರ ಊಟ ಮೇಲಿನಿಂದ ಹರಿದು ಬರುವುದು ನಿಂತಿಲ್ಲವಲ್ಲ.

ಹಾಗಾದರೆ ಕೆರೆಯಲ್ಲಿ ಯಾವುದು ಇರಲಿಲ್ಲ? ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ನೀರೊಳಗಿನ ಮೀನನ್ನು ಮೇಲಿನಿಂದ ಕಂಡು ಬಾಣದಂತೆ ಬೀಳುವ ಕಪ್ಪುಬಿಳಿ ಮಿಂಚುಳ್ಳಿಯನ್ನು ನಾವು ಆ ಬೆಳಗು ಹುಡುಕಿದೆವು. ಸಿಗಲಿಲ್ಲ. ಅದಕ್ಕೆ ಕಣ್ಣು ತೂರುವಷ್ಟು ತಿಳಿನೀರು ಬೇಕು. ತಂತಿಯ ಮೇಲೆ ಕುಳಿತಿದ್ದ ಗದ್ದೆ ಮಿಂಚುಳ್ಳಿಗೆ ಆ ಹಂಗಿಲ್ಲ; ಮಿಡತೆ, ಓತಿಕ್ಯಾತ ಹಿಡಿದೂ ಅದು ಹೊಟ್ಟೆ ಹೊರೆಯುತ್ತದೆ. "ಹಕ್ಕಿ ಕಡಿಮೆಯಾಗಿಲ್ಲ ಅಂತ ಜನ ಹೇಳ್ತಾರೆ, ನಿಜ" ಎಂದರು ಕಾಕಾ. "ಯಾವುವು ಉಳಿದಿವೆ ಅಂತ ಯಾರೂ ಕೇಳಲ್ಲ."

ಆ ಪ್ರಶ್ನೆಯನ್ನು ಪುಣೆಯಲ್ಲಿ ಬಹಳ ಹಿಂದೆಯೇ ಕೇಳಿದವರು ಪ್ರಕಾಶ ಗೋಳೆ. 1982ರಲ್ಲಿ ಇಕಾಲಾಜಿಕಲ್ ಸೊಸೈಟಿಯನ್ನು ಕಟ್ಟಿದವರು ಅವರು. ಲಡಾಖಿನ ಎತ್ತರದ ಜೌಗುಗಳಿಗೆ ಹೋಗಿ ಕಪ್ಪುಕೊರಳಿನ ಕ್ರೌಂಚಗಳನ್ನು ಅಭ್ಯಾಸ ಮಾಡಿದ ಅದೇ ಗೋಳೆ ತಮ್ಮ ಊರಿನ ಮುಳಾ-ಮುಠಾ ದಂಡೆಯ ಹಕ್ಕಿಗಳನ್ನೂ ವರ್ಷಗಟ್ಟಲೆ ನೋಡಿ ಬರೆದರು. ದೂರದ ಅಪರೂಪದ ಹಕ್ಕಿಗೆ ಕೊಟ್ಟ ಗಮನವನ್ನೇ ಮನೆ ಮುಂದಿನ ಗಬ್ಬು ನದಿಗೂ ಕೊಟ್ಟ ವಿಜ್ಞಾನಿ ಎಂಬ ಕಾರಣಕ್ಕೆ ನನಗೆ ಅವರ ಮೇಲೆ ಗೌರವ. ಅವರು 2013ರಲ್ಲಿ ತೀರಿಕೊಂಡರು. ಜೀವಿತನದಿ ಎಂಬ ಸಂಸ್ಥೆಯವರು ಈಗ ನದಿದಂಡೆಗಳಿಗೆ ಜನರನ್ನು ಕರೆದುಕೊಂಡು ಹೋಗಿ ಅದೇ ಬಗೆಯ ಪ್ರೀತಿಯನ್ನು ಬೆಳೆಸುತ್ತಿದ್ದಾರೆ.

ಏರಿ ಇಳಿದು ಬಂದು ಅಮೃತತುಲ್ಯ ಎಂಬ ಚಹಾದಂಗಡಿಯಲ್ಲಿ ಚಹಾ, ಕಾಂದೆ ಪೋಹೆ. ಮುಂದಿನ ಕೆಲವು ದಿನ ಊರೊಳಗಿನ ನೀರುಗಳನ್ನು ನೋಡಿದೆವು. ಸಾರಸಬಾಗಿನಲ್ಲಿ ಹುಲ್ಲುಹಾಸಿನ ಮೇಲೆ ಮಕ್ಕಳು ಉರುಳಾಡುವ ಜಾಗ ಪೇಶ್ವೆಯರ ಕಾಲದಲ್ಲಿ ಕೆರೆಯಾಗಿತ್ತು. ನಡುಗಡ್ಡೆಯ ಮೇಲಿದ್ದ ಗಣಪತಿಯನ್ನು ಜನ ಇಂದಿಗೂ ತಳ್ಯಾತಲಾ ಗಣಪತಿ, ಎಂದರೆ ಕೆರೆಯೊಳಗಿನ ಗಣಪತಿ ಎಂದೇ ಕರೆಯುತ್ತಾರೆ. ಗಣಪತಿ ಉಳಿದಿದ್ದಾನೆ, ಕೆರೆ ಹೋಗಿದೆ. ಮಾಡೆಲ್ ಕಾಲೊನಿಯ ಲಕಾಕಿ ಕೆರೆ ಚಿಕ್ಕದು, ಮನೆಗಳ ನಡುವೆ ಸಿಕ್ಕಿಕೊಂಡದ್ದು. ಅದಕ್ಕೆ ಆ ಹೆಸರು ಬಂದದ್ದು ಕಿರ್ಲೋಸ್ಕರ್ ಮನೆತನದ ಬಂಗಲೆಯಿಂದ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರ ಹೆಸರಿನ ಮೊದಲ ಅಕ್ಷರಗಳು ಸೇರಿ ಲಕಾಕಿ. ನೀರುಕಾಗೆಗಳು ಅಲ್ಲಿ ಕೊಂಬೆಗಳ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಯರವಡದ ಬಳಿ, ನದಿಯ ದಂಡೆಯಲ್ಲಿ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ.

ಸಲೀಂ ಅಲಿ ಎಂದಾಗ ಕನ್ನಡಿಗರಿಗೆ ರಂಗನತಿಟ್ಟು ನೆನಪಾಗುತ್ತದೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರು. ಅವರ ಒತ್ತಾಸೆಯಿಂದಲೇ 1940ರಲ್ಲಿ ಮಹಾರಾಜರ ಸರ್ಕಾರ ಕಾವೇರಿಯ ಆ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿತು. ಅದಕ್ಕೂ ಮೊದಲೇ, 1931–32ರಲ್ಲಿ, ಅವರು ನಿಜಾಮನ ಹೈದರಾಬಾದ್ ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿದ್ದರು ಎಂಬುದು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಕಲಬುರಗಿ, ರಾಯಚೂರು, ಬೀದರ ಆಗ ಸೇರಿದ್ದು ಅದೇ ಸಂಸ್ಥಾನಕ್ಕೆ. ರಂಗನತಿಟ್ಟಿಗೆ ಒಂದು ಸಮೀಕ್ಷೆ ಕಾವಲು ತಂದುಕೊಟ್ಟಿತು. ಭೀಮೆಗೆ ಅಂಥ ಕಾವಲು ಬರಲಿಲ್ಲ.

ಕವಡಿಪಾಟಕ್ಕೆ ಹೋದದ್ದು ಭಾನುವಾರ. ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು, ಲೋಣಿ ಕಾಳಭೋರ ಬರುವ ಸ್ವಲ್ಪ ಮೊದಲು ಎಡಕ್ಕೆ ಇಳಿದರೆ ಮುಳಾ-ಮುಠಾ ನದಿಯ ಹಳೆಯ ಒಡ್ಡು. ರಾಮನದಿಯ ನೀರು ಮುಳೆಗೆ, ಮುಳೆಯ ನೀರು ಸಂಗಮದಲ್ಲಿ ಮುಠೆಯ ಜೊತೆಗೆ ಕೂಡಿ, ಇಡೀ ಊರಿನ ಕೊಳೆಯನ್ನು ಹೊತ್ತು ಇಲ್ಲಿಗೆ ಬರುತ್ತದೆ. ಪಾಷಾಣದಲ್ಲಿ ಕಂಡ ನೀರನ್ನೇ ಮತ್ತೆ ಕಾಣಲು ಬಂದಿದ್ದೆ ಎನ್ನಬೇಕು. ಒಡ್ಡಿನ ಮೇಲಿಂದ ಬೀಳುವಲ್ಲಿ ನೀರು ಸಾಬೂನಿನ ನೊರೆಯಾಗಿ, ತುಂಡುತುಂಡಾಗಿ ತೇಲುತ್ತ ಹೋಗುತ್ತಿತ್ತು. ಮಳೆಗಾಲದ ಮಹಾಪೂರದಲ್ಲಿ ಬಂದ ಪ್ಲಾಸ್ಟಿಕ್ ಚೀಲಗಳು ದಂಡೆಯ ಗಿಡಗಳ ಕೊಂಬೆಕೊಂಬೆಗೂ ಸುತ್ತಿಕೊಂಡು ಗಾಳಿಗೆ ಪಟಪಟಿಸುತ್ತಿದ್ದವು. ಕಾಲೇಜು ಹುಡುಗ ಹುಡುಗಿಯರ ಗುಂಪೊಂದು ಕೈಗವಸು ಹಾಕಿಕೊಂಡು ಬಾಟಲಿ, ಚಪ್ಪಲಿ, ಥರ್ಮಾಕೋಲ್ ಆರಿಸಿ ಗೋಣಿಚೀಲಕ್ಕೆ ತುಂಬುತ್ತಿತ್ತು. ಅವರಿಗೆ ನನ್ನ ವಂದನೆ ಹೇಳಿದೆ, ನಾನೂ ಸ್ವಲ್ಪ ಹೊತ್ತು ಆರಿಸಿದೆ.

ಆ ನೊರೆಯ ಆಚೆ, ಬಂಡೆಗಳ ಮೇಲೆ ಜಕ್ಕವಕ್ಕಿಗಳು ಬಿಸಿಲು ಕಾಯುತ್ತಿದ್ದವು. ಕಿತ್ತಳೆ ಬಣ್ಣದ ಮೈ, ಕೆನೆ ಬಣ್ಣದ ತಲೆ. ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ತಣ್ಣನೆಯ ಸರೋವರಗಳ ಬದಿಯಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬಂದವು. ನಮ್ಮ ಹಳೆಯ ಕಾವ್ಯಗಳಲ್ಲಿ ಇರುಳಾದರೆ ಜೊತೆಗಾರನನ್ನು ಅಗಲಿ ಕೊರಗುವ ಹಕ್ಕಿ ಇದೇ. ಚಿಕ್ಕಂದಿನಲ್ಲಿ ಪಾಠದಲ್ಲಿ ಓದಿದ ಹಕ್ಕಿಯನ್ನು ಮೊದಲ ಸಲ ಕಣ್ಣಾರೆ ಕಂಡವನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಮಾತಲ್ಲಿ ಹೇಳಲಾರೆ. ಜೋಡಿಯಾಗಿ ಎದ್ದು, "ಆಂಗ್, ಆಂಗ್" ಎಂದು ಕೂಗುತ್ತ ನದಿಯ ಮೇಲೆ ಒಂದು ಸುತ್ತು ಹಾರಿ, ಮತ್ತೆ ಬಂದು ಅದೇ ಬಂಡೆಯ ಮೇಲೆ ಕುಳಿತವು. ಕೆಳಗೆ ನೀರಿನ ನಾತ ಮೂಗು ಮುಚ್ಚಿಸುವಂತಿತ್ತು.

ಒಂದೇ ಒಂದು ರೀವ ಬಂತು. ಹಳದಿ ಕೊಕ್ಕು, ಕರಿಯ ಟೋಪಿ, ಕವಲು ಬಾಲ. ಒಡ್ಡಿನ ಮೇಲೆ ತೇಲಿದಂತೆ ಹಾರಿ, ತಲೆ ಬಗ್ಗಿಸಿ ನೀರು ನೋಡಿ, ಧುಮುಕದೆಯೇ ಮುಂದೆ ಹೋಯಿತು. ನದಿಯನ್ನೇ ನೆಚ್ಚಿದ ಹಕ್ಕಿ ಅದು. ಮೀನು ತಿಂದು ಬದುಕುತ್ತದೆ, ಬೇಸಿಗೆಯಲ್ಲಿ ನದಿ ಬತ್ತಿದಾಗ ಏಳುವ ಮರಳುದಿಬ್ಬ, ನಡುಗಡ್ಡೆಗಳ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಜಗತ್ತಿನ ಅಳಿವಿನ ಭೀತಿಯ ಪಟ್ಟಿಗೆ ಈಗ ಸೇರಿದೆ. ಕರ್ನಾಟಕದಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಗೂಡು ಮಾಡುತ್ತವೆ, ನೋಡಲು ಜನ ಲಕ್ಕವಳ್ಳಿಗೆ ಹೋಗುತ್ತಾರೆ. ಭೀಮೆಯ ಮರಳಿನಲ್ಲಿ ರೀವದ ಮೊಟ್ಟೆಗಳನ್ನು ಕಾಲಿಗೆ ತಾಗದಂತೆ ದಾಟಿಕೊಂಡು ಹೊಳೆಗೆ ಹೋಗುತ್ತಿದ್ದದ್ದು ನನ್ನ ವಯಸ್ಸಿನ ನಮ್ಮೂರಿನವರಿಗೆ ನೆನಪಿದೆ. ಆ ಮರಳನ್ನು ಲಾರಿಗಳು ಹೊತ್ತುಕೊಂಡು ಹೋದವು.

ಪುಣೆ ಕೈಕಟ್ಟಿ ಕುಳಿತಿಲ್ಲ. ಜಪಾನಿನ ಜೈಕಾ ಸಂಸ್ಥೆಯ ನೆರವಿನಿಂದ ಕೊಳಚೆ ನೀರು ಶುದ್ಧೀಕರಿಸುವ 11 ಘಟಕಗಳನ್ನು ಕಟ್ಟುವ ಯೋಜನೆಗೆ 2016ರಲ್ಲಿ ಒಪ್ಪಂದವಾಯಿತು. ಮುಳಾ, ಮುಠಾ, ಮುಳಾ-ಮುಠಾ ಸೇರಿ 44 ಕಿಲೋಮೀಟರ್ ಉದ್ದದ ದಂಡೆಗಳನ್ನು ಕಟ್ಟಿ, ಕಾಲುದಾರಿ ಮಾಡಿ, ಉದ್ಯಾನ ಬೆಳೆಸುವ ನದಿದಂಡೆ ಯೋಜನೆಗೆ 2022ರ ಮಾರ್ಚಿನಲ್ಲಿ ಅಡಿಗಲ್ಲು ಬಿತ್ತು. ಅದಕ್ಕಾಗಿ ಮರ ಕಡಿಯುವುದನ್ನು ವಿರೋಧಿಸಿ 2023ರ ಏಪ್ರಿಲ್‌ನಲ್ಲಿ ಸಾವಿರಾರು ಪುಣೇಕರರು ಮರಗಳನ್ನು ಅಪ್ಪಿಕೊಳ್ಳಲು ಬೀದಿಗಿಳಿದರು. ಎರಡೂ ಕಡೆಯ ಮಾತು ಕೇಳಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಮೊದಲು ನೀರು, ಆಮೇಲೆ ದಂಡೆ. ಗೊರವಗಳು, ಕುಂಡೆಕುಸ್ಕಗಳು, ಟಿಟ್ಟಿಭಗಳು ಬದುಕುವುದು ನೀರೂ ಅಲ್ಲದ ನೆಲವೂ ಅಲ್ಲದ ಆ ಇಳಿಜಾರು ಕೆಸರಿನ ಅಂಚಿನಲ್ಲಿ. ಆ ಅಂಚನ್ನು ಕಲ್ಲಿನಿಂದ ಕಟ್ಟಿ ನಿಲ್ಲಿಸಿದರೆ ನಡೆದಾಡುವವರಿಗೆ ಜಾಗವಾಗುತ್ತದೆ, ಈ ಹಕ್ಕಿಗಳಿಗೆ ಇರುವುದಿಲ್ಲ.

ಊರಿಗೆ ಮರಳುವಾಗ ರೈಲು ದೌಂಡ ದಾಟಿತು. ರಂಜಣಗಾವ್ ಸಾಂಡಸದ ಬಳಿ ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಭೀಮೆ ಉಜನಿ ಜಲಾಶಯಕ್ಕೆ ಬರುತ್ತದೆ. 1980ರಲ್ಲಿ ಮುಗಿದ, ಸುಮಾರು 117 ಟಿಎಂಸಿ ಅಡಿ ಹಿಡಿಯುವ ದೊಡ್ಡ ಅಣೆಕಟ್ಟು. ಅದರ ಹಿನ್ನೀರಿನ ಭಿಗವಣದಲ್ಲಿ ರಾಜಹಂಸಗಳನ್ನು ನೋಡಲು ಚಳಿಗಾಲದಲ್ಲಿ ದೋಣಿಗಳು ತುಂಬಿ ಹೋಗುತ್ತವೆ. ರಾಜಹಂಸಕ್ಕೂ ಪಾಚಿ, ಸಣ್ಣ ನೀರುಜೀವಿಗಳೇ ಆಹಾರ ಎಂಬುದನ್ನು ದೋಣಿಯಲ್ಲಿ ಕುಳಿತವರು ಒಂದು ಕ್ಷಣ ನೆನೆದರೆ ಒಳ್ಳೆಯದು. ಪಂಢರಪುರದಲ್ಲಿ ಚಂದ್ರಭಾಗೆ ಎನ್ನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳ ಗಡಿ ಮುಟ್ಟಿ, ದೇವಲ ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು, ಸನ್ನತಿಯ ಬೌದ್ಧ ಸ್ತೂಪದ ಪಕ್ಕದಲ್ಲಿ ಹರಿದು, ಯಾದಗಿರಿ ದಾಟಿ, ರಾಯಚೂರು ತಾಲ್ಲೂಕಿನ ಕಾಡ್ಲೂರಿನ ಬಳಿ ಕೃಷ್ಣೆಯನ್ನು ಸೇರುವಾಗ ಭೀಮೆ 861 ಕಿಲೋಮೀಟರ್ ನಡೆದಿರುತ್ತಾಳೆ.

ನಾವು ಭೀಮೆಯ ದಂಡೆಯವರು ಮಹಾರಾಷ್ಟ್ರದೊಂದಿಗೆ ಇಷ್ಟು ವರ್ಷ ಆಡಿದ ಮಾತೆಲ್ಲ ಅಳತೆಯದು. 1976ರಲ್ಲಿ ಪ್ರಕಟವಾದ ಬಚಾವತ್ ನ್ಯಾಯಮಂಡಳಿಯ ತೀರ್ಪು ಟಿಎಂಸಿ ಲೆಕ್ಕದಲ್ಲಿ ನೀರು ಹಂಚಿತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಉಜನಿಯಿಂದ ಇಷ್ಟು ಬಿಡಿ ಎಂದು ಅಫಜಲಪುರದಲ್ಲಿ ಧರಣಿ ಕೂರುತ್ತೇವೆ. 2020ರ ಅಕ್ಟೋಬರಿನಲ್ಲಿ ಅಷ್ಟೊಂದು ಬಿಟ್ಟಾಗ ಊರುಗಳೇ ಮುಳುಗಿದವು, ಆಗ ಕಡಿಮೆ ಬಿಡಿ ಎಂದೆವು. ಎರಡೂ ನ್ಯಾಯವಾದ ಮಾತೇ. ಆದರೆ ಬರುವ ನೀರು ಎಂಥದು ಎಂದು ನಾವು ಗಟ್ಟಿಯಾಗಿ ಕೇಳಿದ್ದು ಕಡಿಮೆ. ಎಮ್ಮೆ ಕುಡಿಯುವ ನೀರು, ಕಬ್ಬಿಗೆ ಹಾಯಿಸುವ ನೀರು, ಎಷ್ಟೋ ಊರಿನ ಕುಡಿಯುವ ನೀರಿನ ಟಾಕಿಗೆ ಏರುವ ನೀರು ಅದೇ. ಕೇಳಬೇಕಾದರೆ ಕೈಯಲ್ಲಿ ಲೆಕ್ಕ ಬೇಕು. ಮೇಲ್ದಂಡೆಯಲ್ಲಿ ಒಬ್ಬ ಕಾಕಾ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಾರೆ. ಕೆಳದಂಡೆಯ ನಮ್ಮ ಕಡೆ ಆ ಡೈರಿ ಯಾರ ಕೈಯಲ್ಲಿದೆ?

ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ನಮ್ಮ ಉಪಖಂಡದಲ್ಲಿ ಅದು 1987ರಿಂದ ನಡೆದುಬಂದಿದೆ. ಶಾಲೆಯ ಮಾಸ್ತರರು, ಕಾಲೇಜು ಹುಡುಗರು, ಮೀನುಗಾರರು, ಯಾರು ಬೇಕಾದರೂ ಸೇರಬಹುದು. ಎಣಿಸಿದ್ದನ್ನು ಇ-ಬರ್ಡ್ ತಾಣದಲ್ಲಿ ತಾರೀಖು, ಸ್ಥಳದ ಸಮೇತ ದಾಖಲಿಸಿದರೆ ಅದು ವಿಜ್ಞಾನಿಗಳ ಕೈಗೂ ಸಿಗುತ್ತದೆ, ನಾಳೆ ಪ್ರಶ್ನೆ ಕೇಳುವವರ ಕೈಗೂ ಸಿಗುತ್ತದೆ. ಅಫಜಲಪುರ, ಇಂಡಿ, ಜೇವರ್ಗಿ, ಚಿತ್ತಾಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಭೀಮೆಯ ದಂಡೆಯ ಊರುಗಳವರಲ್ಲಿ ನನ್ನ ವಿನಂತಿ: ಈ ಜನವರಿಯ ಒಂದು ಬೆಳಗು ಹೊಳೆಗೆ ಇಳಿಯಿರಿ. ಮೆಟ್ಟುಗಾಲು ಹಕ್ಕಿ ಎಷ್ಟು, ರೀವ ಎಷ್ಟು, ಕಪ್ಪುಬಿಳಿ ಮಿಂಚುಳ್ಳಿ ಎಷ್ಟು ಎಂದು ಎಣಿಸಿ ಬರೆಯಿರಿ. ರೀವ, ಮಿಂಚುಳ್ಳಿ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ. ಪುಣೆಯನ್ನು ಕೇಳಲು ನಮಗೆ ಆ ಸಾಲೂ ಬೇಕು.